ಹೊಳೆನರಸೀಪುರದಲ್ಲಿ ವರ್ಜಿಲ್

ಲ್ಯಾಟಿನ್ ಓದುತ್ತಿದ್ದೇನೆ ಎಂದು ಹೊಳೆನರಸೀಪುರದಲ್ಲಿ ಯಾರಿಗೆ ಹೇಳಿದರೂ ಬರುವ ಪ್ರಶ್ನೆ ಒಂದೇ: "ಆಮೇಲೆ?" ಎಂಜಿನಿಯರಿಂಗ್ ಓದುವವರನ್ನು ಹೀಗೆ ಯಾರೂ ಕೇಳುವುದಿಲ್ಲ. ಆಮೇಲೆ ಏನೆಂಬುದು ಅವರಿಗೂ ಗೊತ್ತಿಲ್ಲ, ಕೇಳಬೇಕಾದವರಿಗೂ ಗೊತ್ತಿಲ್ಲ, ಆದರೂ ಎಲ್ಲರಿಗೂ ನೆಮ್ಮದಿ.

ನನ್ನ ತಂಗಿಯ ಮಗಳು ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಕಂಪ್ಯೂಟರ್ ಓದುತ್ತಾಳೆ. ಅಲ್ಲಿ ಯಾವ ವಿಷಯ ಓದಿದರೂ ಜೊತೆಗೊಂದು ಭಾಷೆ ಕಲಿಯಲೇಬೇಕಂತೆ. ಸ್ಪ್ಯಾನಿಷ್ ತರಗತಿ ತುಂಬಿಹೋಗಿತ್ತು, ಲ್ಯಾಟಿನ್ನಿನಲ್ಲಿ ಬೇಕಾದಷ್ಟು ಜಾಗವಿತ್ತು, ಸೇರಿಕೊಂಡಳು. ಎರಡನೇ ವರ್ಷ ಫೋನಿನಲ್ಲಿ "ಈಗ ಇಂಟರ್‌ಮೀಡಿಯೆಟ್ ತಾತ" ಎಂದಾಗ ನಮ್ಮ ಅಪ್ಪನಿಗೆ ಗಾಬರಿಯಾಯಿತು. ಅವರ ಕಾಲದಲ್ಲಿ ಇಂಟರ್‌ಮೀಡಿಯೆಟ್ ಎಂದರೆ ಹೈಸ್ಕೂಲಿಗೂ ಬಿ.ಎ.ಗೂ ನಡುವಿನ ಎರಡು ವರ್ಷ. ಫೋನಿಟ್ಟ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಅಷ್ಟು ದುಡ್ಡು ಸುರಿದು ಅಮೆರಿಕಕ್ಕೆ ಹೋಗಿ ಇನ್ನೂ ಇಂಟರ್‌ಮೀಡಿಯೆಟ್ಟಲ್ಲೇ ಇದಾಳೇನೋ?" ಎಂದರು.

ಹಳೆಯ ಭಾಷೆಯ ಓದಿನಲ್ಲಿ ಈ ನಡುವಿನ ಕಾಲವೇ ಕಷ್ಟದ್ದು. ಶುರುವಿನಲ್ಲಿ ಪಠ್ಯಪುಸ್ತಕದ ರೈತ ಗುಲಾಬಿ ಹೂವನ್ನು ಹುಡುಗಿಗೆ ಕೊಡುತ್ತಾನೆ, ನಾವಿಕ ನೀರನ್ನು ಪ್ರೀತಿಸುತ್ತಾನೆ, ಎಲ್ಲ ಸುಲಲಿತ. ಪಂಡಿತರಾದ ಮೇಲೆ ಅರ್ಥವಾಗದ ಕಡೆ ಪಾಠಾಂತರ ಎಂದು ಹೇಳಿ ಪಾರಾಗಬಹುದು. ನಡುವಿನವರಿಗೆ ಆ ದಾರಿಯೂ ಇಲ್ಲ. ವ್ಯಾಕರಣವೆಲ್ಲ ಮುಗಿದಿದೆ ಎಂದು ನಂಬಿಸಿ, ಒಂದು ದಿನ ಇದ್ದಕ್ಕಿದ್ದಂತೆ ಸಿಸೆರೋನನ್ನೋ ವರ್ಜಿಲನನ್ನೋ ಮುಂದಿಡುತ್ತಾರೆ. ಗುಲಾಬಿ ಕೊಟ್ಟ ರೈತ ಅಲ್ಲೆಲ್ಲೂ ಕಾಣಿಸುವುದಿಲ್ಲ. ಹಾಸನದ ಕಾಲೇಜೊಂದರಲ್ಲಿ ಹಳಗನ್ನಡ ಪಾಠ ಮಾಡಿದವನಾದ್ದರಿಂದ ನನಗೆ ಆ ಮುಖಭಾವದ ಪರಿಚಯ ಚೆನ್ನಾಗಿದೆ. ಕೇಶಿರಾಜನ ಸೂತ್ರ ಉರು ಹೊಡೆದು ಬಂದ ಹುಡುಗರು ಪಂಪನ ಮೊದಲ ಪದ್ಯದ ಮುಂದೆ ಹಾಗೇ ಕೂರುತ್ತಿದ್ದರು.

ಬೇಸಿಗೆ ರಜೆಗೆ ಬಂದವಳು ವರ್ಜಿಲನ 'ಈನಿಡ್' ತಂದಿದ್ದಳು. ಅಪ್ಪ ಎಳೆಯ ವಯಸ್ಸಿನಲ್ಲಿ ಊರಿನ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದಲ್ಲಿ ಸಚ್ಚಿದಾನಂದೇಂದ್ರ ಸರಸ್ವತಿಗಳ ಪಾಠಕ್ಕೆ ಹೋಗಿ ಕೂತವರು; ಶಬ್ದರೂಪ ಎಂದರೆ ಈಗಲೂ ಕಿವಿ ನಿಮಿರುತ್ತದೆ. ಮೊಮ್ಮಗಳು ಹುಡುಗಿ ಎಂಬರ್ಥದ 'ಪುಎಲ್ಲಾ' ಶಬ್ದವನ್ನು ವಿಭಕ್ತಿಗಳಲ್ಲಿ ಒಪ್ಪಿಸಿದಳು. ಏಕವಚನ ಆಯಿತು, ಬಹುವಚನ ಆಯಿತು, ನಿಲ್ಲಿಸಿದಳು.

"ದ್ವಿವಚನ?"

"ಇಲ್ಲ ತಾತ."

"ಪುಣ್ಯವಂತರು."

ಮುಂದೆ ಇನ್ನೊಂದು ತಿಳಿಯಿತು. ಸಂಸ್ಕೃತದಲ್ಲಿ ತೃತೀಯಾ, ಪಂಚಮೀ, ಸಪ್ತಮೀ ಮಾಡುವ ಕೆಲಸವನ್ನೆಲ್ಲ ಲ್ಯಾಟಿನ್ನಿನಲ್ಲಿ ಬಹುಮಟ್ಟಿಗೆ ಅಬ್ಲೆಟಿವ್ ಎಂಬ ಒಂದೇ ವಿಭಕ್ತಿ ಮಾಡುತ್ತದೆ. ಜೀವಮಾನವಿಡೀ ತಾಲ್ಲೂಕು ಕಚೇರಿಯಲ್ಲಿ ದುಡಿದ ಅಪ್ಪನಿಗೆ ಅದು ತಕ್ಷಣ ಅರ್ಥವಾಯಿತು: "ಎರಡು ಹುದ್ದೆ ಖಾಲಿ ಬಿಟ್ಟು ಇದಕ್ಕೇ ಪ್ರಭಾರ ಕೊಟ್ಟಿದಾರೆ." ಅವಳ ತರಗತಿಯನ್ನು ಎರಡು ವಾರ ಅಳಿಸಿದ 'ಅಬ್ಲೆಟಿವ್ ಅಬ್ಸಲ್ಯೂಟ್' ಎಂಬ ಪ್ರಯೋಗವಿದೆ. ನಗರ ಸೋಲಲು ಜನ ಓಡಿದರು ಎನ್ನುವಾಗ ಆ 'ಸೋಲಲು' ಇದೆಯಲ್ಲ, ಅದು. ಅಪ್ಪ ಅರ್ಧ ಕೇಳಿಯೇ "ಸತಿಸಪ್ತಮಿ!" ಎಂದು ಕೂಗಿದರು. "ನಮ್ಮಲ್ಲಿ ಸಪ್ತಮಿ, ಅವರಲ್ಲಿ ಪಂಚಮಿ. ಎರಡು ತಿಥಿ ವ್ಯತ್ಯಾಸ, ಅಷ್ಟೆ."

ಅವಳ ಸಹಪಾಠಿಗಳ ದೊಡ್ಡ ಗೋಳು ಲ್ಯಾಟಿನ್ ವಾಕ್ಯದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ ಎಂಬುದಂತೆ. ಸಿಸೆರೋ ಹತ್ತು ಸಾಲು ಹೋದಮೇಲೂ ಯಾರು ಏನು ಮಾಡಿದರು ಎಂದು ಬಾಯಿಬಿಡುವುದಿಲ್ಲ. ಮೊದಲು ಕ್ರಿಯಾಪದ ಹುಡುಕಿ, ಆಮೇಲೆ ಉಳಿದದ್ದು ಎಂದು ಮೇಷ್ಟ್ರು ಉಪಾಯ ಹೇಳಿಕೊಟ್ಟಿದ್ದರು. ಇವಳಿಗೆ ಆ ಉಪಾಯ ಬೇಕಾಗಲಿಲ್ಲ, ಏಕೆಂದರೆ ಇವಳು ನಮ್ಮಮ್ಮನ ಮೊಮ್ಮಗಳು. ಅಮ್ಮ ಮಾತು ಶುರುಮಾಡಿದರೆ, ಅರಕಲಗೂಡಿನ ದೊಡ್ಡಮ್ಮನ ಮಗ ಹಾಸನದಲ್ಲಿ ಬಸ್ಸಿಳಿದು, ತಿಂಡಿ ತಿಂದು, ಮಳೆ ಬಂತೆಂದು ಅಂಗಡಿ ಮುಂದೆ ನಿಂತು, ಅಲ್ಲಿ ಸಿಕ್ಕ ಹಳೇ ಗೆಳೆಯನ ಜೊತೆ ಮಾತಾಡುತ್ತ, ಎದುರಿಗೇ ನಿಂತಿದ್ದ ಬಸ್ಸನ್ನು... ಹತ್ತಿದನೋ, ಬಿಟ್ಟನೋ, ಅದರಡಿ ಸಿಕ್ಕಿದನೋ, ಅಮ್ಮ ಎಲೆಅಡಿಕೆ ಸರಿಮಾಡಿಕೊಳ್ಳುವವರೆಗೂ ತಿಳಿಯುವಂತಿಲ್ಲ. ಕಾಯುವ ಸಹನೆ ನಮಗೆ ತೊಟ್ಟಿಲಲ್ಲೇ ಬಂದಿರುತ್ತದೆ.

ನನ್ನ ಸರದಿ ಛಂದಸ್ಸಿನಲ್ಲಿ ಬಂತು. ವರ್ಜಿಲನ ಸಾಲಿಗೆ ಆರು ಗಣ. ಒತ್ತಕ್ಷರದ ಹಿಂದಿನದು ಗುರು ಎಂಬ ನಮ್ಮ ನಿಯಮ ಅಲ್ಲಿಯೂ ಹೆಚ್ಚುಕಡಿಮೆ ಹಾಗೆಯೇ ನಡೆಯುತ್ತದೆ. ಸ್ವರದ ಮುಂದೆ ಸ್ವರ ಬಂದರೆ ಮೊದಲಿನದು ಬಿದ್ದುಹೋಗುತ್ತದೆ. ಅದಕ್ಕೆ ಅವಳ ಪುಸ್ತಕದಲ್ಲಿ ದೊಡ್ಡ ಹೆಸರಿದೆ, ನಾನು ಲೋಪಸಂಧಿ ಎಂದೆ. ಪೆನ್ಸಿಲ್ ಹಿಡಿದು ಪ್ರಸ್ತಾರ ಹಾಕಿದೆ. ಒಂದೊಂದು ಗಣವೂ ನಾಲ್ಕು ಮಾತ್ರೆ, ನಮ್ಮ ಕಂದಪದ್ಯದ ಗಣದಷ್ಟೇ. ನಾಲ್ಕು ಮಾತ್ರೆಯ ಗಣ ಐದು ಬಗೆಯಲ್ಲಿ ಬರಬಹುದು. ಕಂದದಲ್ಲಿ ಐದಕ್ಕೂ ಜಾಗವಿದೆ, ರೋಮಿನವರು ಒಂದು ಗುರು ಎರಡು ಲಘುವಿನ ಭಗಣ, ಇಲ್ಲವೇ ಎರಡು ಗುರು, ಇವೆರಡಕ್ಕೇ ತೃಪ್ತಿಪಟ್ಟರು. ಇಷ್ಟು ಹೇಳಿದಾಗ ಅವಳ ಕಣ್ಣಲ್ಲಿ ನನ್ನ ಬಗ್ಗೆ ಹೊಸದೊಂದು ಗೌರವ ಕಂಡಿತು. ನನ್ನ ವಿದ್ಯಾರ್ಥಿಗಳಲ್ಲಿ ಅದನ್ನು ಕಂಡ ನೆನಪಿಲ್ಲ. ವರ್ಜಿಲ್ ಕ್ರಿ.ಪೂ. 19ರಲ್ಲಿ ತೀರಿಕೊಂಡಾಗ ಕಾವ್ಯ ಪೂರ್ತಿಯಾಗಿರಲಿಲ್ಲ, ಹಲವು ಸಾಲುಗಳು ಅರ್ಧಕ್ಕೇ ನಿಂತಿವೆ. ಪಂಡಿತರಿಗೆ ಅದು ಸಂಕಟ. ಮರುದಿನದ ಪಾಠ ಒಪ್ಪಿಸಬೇಕಾದವರಿಗೆ ಅರ್ಧ ಸಾಲು ಲಾಭ.

ನಮ್ಮ ಜಿಲ್ಲೆಗೆ ಲ್ಯಾಟಿನ್ ಬಂದದ್ದು ಇವಳ ಸೂಟ್‌ಕೇಸಿನಲ್ಲಿ ಅಂತೇನೂ ಅಲ್ಲ. ಹಾಸನದ ಹತ್ತಿರದ ಸಾತಹಳ್ಳಿಯಲ್ಲಿ ಅಬ್ಬೆ ದುಬಾಯ್ ಎಂಬ ಫ್ರೆಂಚ್ ಪಾದ್ರಿ ಎರಡು ಶತಮಾನದ ಹಿಂದೆಯೇ ಕ್ರೈಸ್ತ ರೈತರ ಊರು ಕಟ್ಟಿದ್ದ. ಶೆಟ್ಟಿಹಳ್ಳಿಯ ಚರ್ಚು 1860ರ ದಶಕದ್ದು. ಗೊರೂರಿನ ಅಣೆಕಟ್ಟು ಬಂದಮೇಲೆ ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರಿನಲ್ಲಿ ನಿಲ್ಲುತ್ತದೆ, ಬೇಸಿಗೆಯಲ್ಲಿ ಮದುವೆ ಹುಡುಗಹುಡುಗಿಯರ ಫೋಟೋಗೆ ನಿಲ್ಲುತ್ತದೆ. ಎರಡನೇ ವ್ಯಾಟಿಕನ್ ಸಭೆ 1960ರ ದಶಕದಲ್ಲಿ ಜನರ ಭಾಷೆಗೆ ಅವಕಾಶ ಕೊಡುವವರೆಗೆ ರಾಗಿ ಬೆಳೆಯುವ ಆ ಊರುಗಳಲ್ಲಿ ಪೂಜೆ ಲ್ಯಾಟಿನ್ನಿನಲ್ಲಿ ನಡೆಯುತ್ತಿತ್ತು. ಬೆಂಗಳೂರಿನ ಮಿಷನ್ ಮುದ್ರಣಾಲಯ 1855ರಲ್ಲಿ ಕನ್ನಡ-ಲ್ಯಾಟಿನ್ ನಿಘಂಟನ್ನೇ ಅಚ್ಚುಹಾಕಿತು, 1861ರಲ್ಲಿ ಲ್ಯಾಟಿನ್-ಕನ್ನಡ. ಕಿಟೆಲ್ಲರ ನಿಘಂಟಿಗೂ ಮುಂಚಿನ ಮಾತು. ಅದನ್ನು ತಿರುವುತ್ತ ಯಾವನೋ ಎಳೆಯ ಪಾದ್ರಿ ಇವಳಂತೆಯೇ ನಡುಹಂತದಲ್ಲಿ ಒದ್ದಾಡಿರಬೇಕು. ವ್ಯತ್ಯಾಸ ಇಷ್ಟೇ, ಅವನಿಗೆ ಲ್ಯಾಟಿನ್ ಬರುತ್ತಿತ್ತು, ಕನ್ನಡ ಅರ್ಥವಾಗುತ್ತಿರಲಿಲ್ಲ.

ಚನ್ನರಾಯಪಟ್ಟಣದಲ್ಲಿ ಅವಳ ಸೋದರತ್ತೆ, ತೆಂಗಿನಕಾಯಿ ವ್ಯಾಪಾರದವರು, ನೇರವಾಗಿ ಕೇಳಿದರು: "ಆ ಭಾಷೆ ಯಾರ ಮನೇಲಿ ಆಡ್ತಾರೆ?"

"ಯಾರ ಮನೇಲೂ ಇಲ್ಲ ಅತ್ತೆ."

"ಹಂಗಾದ್ರೆ ತಪ್ಪಾಡಿದ್ರೆ ಹಿಡಿಯೋರೂ ಇಲ್ಲ. ಒಳ್ಳೇದೇ ಬಿಡು."

ಅವರ ತಾಲ್ಲೂಕಿನಲ್ಲೇ ಶ್ರವಣಬೆಳಗೊಳದಲ್ಲಿ ಪ್ರಾಕೃತ ಕಲಿಸುವ ಸಂಸ್ಥೆಯಿದೆ, ಅದೂ ಈಗ ಯಾರ ಮನೆಯ ಮಾತೂ ಅಲ್ಲ ಎಂದೆ. ಅತ್ತೆ ಅದಕ್ಕೆ, "ಅದು ದೇವರ ವಿಷಯ, ಬೇರೆ" ಎಂದು ನನ್ನನ್ನು ಸುಮ್ಮನಾಗಿಸಿದರು.

ಅರಕಲಗೂಡಿನ ಕಡೆ ಹೋದಾಗ ನಾನು ಊರಭಿಮಾನ ತೋರಿಸಿದೆ. ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಅಚ್ಚಿಗೆ ತಂದ ಶಾಮಶಾಸ್ತ್ರಿಗಳು ಇದೇ ತಾಲ್ಲೂಕಿನ ರುದ್ರಪಟ್ಟಣದವರು. ಈಜಿಪ್ಟಿನ ಮರಳಿನಲ್ಲಿ ಸಿಕ್ಕ ಪ್ರಹಸನವೊಂದರಲ್ಲಿ ಕನ್ನಡ ಮಾತುಗಳಿವೆ ಎಂದು ವಾದಿಸಿದವರಲ್ಲಿ ಅವರೂ ಒಬ್ಬರು, ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ ಎಂದೆಲ್ಲ ಹೇಳಿದೆ. ಅವಳು ತಾಳ್ಮೆಯಿಂದ ಕೇಳಿ, "ಅದು ಗ್ರೀಕು ಮಾವ" ಎಂದಳು. ಹೊಗೆಸೊಪ್ಪು ಬೆಳೆಯುವ ನಮ್ಮ ದಾಯಾದಿಗಳ ಹುಡುಗ, ಹಾಸನದ ಕೃಷಿ ಕಾಲೇಜಿನವನು, ಆಗ 'ನಿಕೋಟಿಯಾನ ಟಬಾಕಂ, ಸೊಲಾನಂ ಟ್ಯೂಬರೋಸಂ' ಎಂದು ಹೊಗೆಸೊಪ್ಪು, ಆಲೂಗಡ್ಡೆಗಳನ್ನು ಒಂದೇ ಉಸಿರಿಗೆ ಒಪ್ಪಿಸಿದ. ಅದು ಲ್ಯಾಟಿನ್ ರೂಪ ಎಂದು ಇವಳು ಹೇಳಿದಾಗ ಅವನು ನಂಬಲಿಲ್ಲ. ಅವನಿಗೆ ಅದು ಸಿಲಬಸ್ಸು.

ಹೊರಡುವ ಮುನ್ನ ಮನೆಯಲ್ಲಿ ಚರ್ಚೆ ಎದ್ದಿತು: ಮುಂದಿನ ಸೆಮಿಸ್ಟರಿಗೆ ಟ್ಯಾಸಿಟಸನೋ, ಓವಿಡನೋ? ಟ್ಯಾಸಿಟಸ್ ಕಡಿಮೆ ಮಾತಿನವನು ಎಂದು ತಿಳಿದು ಅಪ್ಪ ಕೂಡಲೇ ಅವನ ಪಕ್ಷ ವಹಿಸಿದರು. ಅಮ್ಮ ಅಷ್ಟಕ್ಕೇ ಎದುರು ಪಕ್ಷಕ್ಕೆ ಹೋದರು. ಓವಿಡನ ಹದಿನೈದು ಕಾಂಡಗಳಲ್ಲಿ ಮನುಷ್ಯರು ಹಕ್ಕಿಯಾಗುತ್ತಾರೆ, ನದಿಯಾಗುತ್ತಾರೆ. ಬೆನ್ನಟ್ಟಿ ಬಂದ ದೇವರಿಂದ ತಪ್ಪಿಸಿಕೊಳ್ಳಲು ಡಾಫ್ನೆ ಎಂಬ ಹುಡುಗಿ ಮರವಾಗುತ್ತಾಳೆ ಎಂದು ಮೊಮ್ಮಗಳು ವಿವರಿಸಿದಳು.

"ಯಾವ ಮರ?"

"ಲಾರೆಲ್ ಅಂತ ಅಜ್ಜಿ. ನಮ್ಮ ಪಲಾವ್ ಎಲೆ ಇದೆಯಲ್ಲ, ಅದೇ ಕುಟುಂಬದ್ದು."

"ಹಂಗಾದ್ರೆ ಅದನ್ನೇ ಓದು. ಅಡುಗೆಗಾದ್ರೂ ಆಗುತ್ತೆ."