ಸ್ಟೇಡಿಯಂ ಕಟ್ಟುವ ಅಂಕಲ್

ಬೆಂಗಳೂರಿನಲ್ಲಿ ಸೈಟಿಲ್ಲದವರೂ ಮನೆಯ ಪ್ಲಾನು ಹಾಕುತ್ತಾರೆ. ಅವರದೇ ಒಂದು ಒಳಪಂಗಡ, ಬೆಂಗಳೂರು ಎಫ್‌ಸಿಗೆ ಸ್ಟೇಡಿಯಂ ಕಟ್ಟುವವರದು. ಕ್ಲಬ್ಬು ಹುಟ್ಟಿದ್ದು 2013ರಲ್ಲಿ. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಆಡಿದ ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದು, ಮರುಸೀಸನ್ನಿಗೆ ಸರ್ಕಾರದ ಕಂಠೀರವಕ್ಕೆ ಬಾಡಿಗೆಗೆ ಬಂತು. ಐಎಸ್‌ಎಲ್ ಕಪ್ಪೂ ಬಂತು, ಸ್ವಂತ ಮನೆ ಬರಲಿಲ್ಲ. ಮಾಲೀಕರಿಗೆ ಈ ಚಿಂತೆ ಎಷ್ಟಿದೆಯೋ, ಅಂಕಲ್‌ಗೆ ಮಾತ್ರ ನಿದ್ದೆಯಿಲ್ಲ.

ಸೋಮವಾರ ಅವರ ಸ್ಟೇಡಿಯಂ ಕೆಂಗೇರಿಯಲ್ಲಿ ಏಳುತ್ತದೆ, ಗುರುವಾರ ದೇವನಹಳ್ಳಿಗೆ ಎತ್ತಂಗಡಿ. ಮೆಟ್ರೋ ನೇರ ಗೇಟಿನೊಳಗೇ ಬರಬೇಕು. ಮದುವೆಗೆ ಹೋದರೆ ವಧೂವರರಿಗಿಂತ ಮೊದಲು ಛತ್ರದ ಕುರ್ಚಿ ಎಣಿಸುತ್ತಾರೆ. ಲಗ್ನಪತ್ರಿಕೆಯ ಹಿಂಬದಿ ಖಾಲಿ ಸಿಕ್ಕಿತೋ, ಅಲ್ಲೊಂದು ಉತ್ತರದ ಸ್ಟ್ಯಾಂಡು. ದುಡ್ಡು ಎಲ್ಲಿಂದ ಅಂದರೆ, "ಅದೆಲ್ಲಾ ಆಗುತ್ತೆ ಗುರುವೇ, ಮೊದಲು ಡ್ರೈನೇಜ್ ನೋಡಿ."

ಅವರ ಮುಖ್ಯ ಶತ್ರು ಕಂಠೀರವದ ಅಥ್ಲೆಟಿಕ್ ಟ್ರ್ಯಾಕ್. ಆ ವಿಷಯದಲ್ಲಿ ಲೆಕ್ಕ ಪಕ್ಕಾ. ಫುಟ್‌ಬಾಲ್ ಅಂಗಳ 105 ಮೀಟರ್ ಉದ್ದ, 68 ಮೀಟರ್ ಅಗಲ. ಅದರ ಸುತ್ತ ಎಂಟು ಲೇನಿನ 400 ಮೀಟರ್ ಟ್ರ್ಯಾಕ್ ಬಂದರೆ ಗೋಲಿಗೂ ಅದರ ಹಿಂದಿನ ಮೊದಲ ಸಾಲಿಗೂ ನಡುವೆ ಏನಿಲ್ಲವೆಂದರೂ 35 ಮೀಟರ್ ಅಂತರ. ಓಟಗಾರರ ದೂರೂ ಸುಳ್ಳಲ್ಲ. ಮ್ಯಾಚ್ ಇದ್ದರೆ ಅವರ ಅಭ್ಯಾಸಕ್ಕೆ ಕುತ್ತು. ಈ ಜಗಳ ಹೈಕೋರ್ಟಿನವರೆಗೂ ಹೋಗಿತ್ತು. ಅಂಕಲ್ ಇಬ್ಬರ ಪರವೂ ವಾದಿಸಿ, ಇಬ್ಬರಿಗೂ ಒಂದೊಂದು ಸ್ಟೇಡಿಯಂ ಮಂಜೂರು ಮಾಡಿ ಕೇಸು ಮುಗಿಸುತ್ತಾರೆ.

ಒಮ್ಮೆ ಈ ಸಾಲುಗಳನ್ನು ಬರೆಯುತ್ತಿರುವ ಬಡಪಾಯಿ ಅವರ ಪಕ್ಕ ಕೂತು ಮ್ಯಾಚ್ ನೋಡಿದ. ನೋಡಿದ ಅನ್ನುವುದು ಉತ್ಪ್ರೇಕ್ಷೆ. ಮೊದಲರ್ಧವೆಲ್ಲ ಸ್ಟ್ಯಾಂಡಿನ ಇಳಿಜಾರಿನ ಪಾಠ. ಎದುರಿನ ತಲೆ ಅಡ್ಡ ಬರದಿರಲು ಮೆಟ್ಟಿಲು ಎಷ್ಟು ಎತ್ತರವಿರಬೇಕೆಂದು ತೋರಿಸಲು ಮುಂದೆ ಕೂತಿದ್ದ ಅಪರಿಚಿತ ಹುಡುಗನ ನೆತ್ತಿಯ ಮೇಲೆ ಟಿಕೆಟ್ ಇಟ್ಟು ಅಳತೆ ತೆಗೆದರು. ಹುಡುಗ ಸಜ್ಜನ, ಸುಮ್ಮನಿದ್ದ. ದ್ವಿತೀಯಾರ್ಧದಲ್ಲಿ ಚೆಟ್ರಿ ಬಾಕ್ಸಿನ ಹತ್ತಿರ ಚೆಂಡು ಹಿಡಿದ. ಸರಿಯಾಗಿ ಆಗಲೇ ಅಂಕಲ್ ಭುಜ ಹಿಡಿದು ಹಿಂದಕ್ಕೆ ತಿರುಗಿಸಿ, "ಅಲ್ನೋಡಿ, ಛಾವಣಿ ಅಲ್ಲಿಂದ ಶುರುವಾಗಬೇಕಿತ್ತು" ಅಂದರು. ಇಡೀ ಸ್ಟೇಡಿಯಂ ಎದ್ದು ಕುಣಿಯಿತು. ಇಬ್ಬರು ಮಾತ್ರ ಇಲ್ಲದ ಛಾವಣಿ ನೋಡುತ್ತಿದ್ದರು. ಪಕ್ಕದವರನ್ನು ಗೋಲು ಹೇಗಿತ್ತೆಂದು ಕೇಳುವ ನಾಚಿಕೆಗೇಡು ಬೇರೆ.

ಬೈಯೋಣವೆಂದರೆ ಇಂಗ್ಲೆಂಡಿನ ಎವರ್ಟನ್ ಪುರಾಣ ಬಿಚ್ಚುತ್ತಾರೆ. ಆ ಕ್ಲಬ್ಬು ಆನ್‌ಫೀಲ್ಡ್‌ನಲ್ಲಿ ಬಾಡಿಗೆಗಿತ್ತು. ಮಾಲೀಕನೊಂದಿಗೆ ಜಗಳವಾಗಿ 1892ರಲ್ಲಿ ಗುಡಿಸನ್ ಪಾರ್ಕಿಗೆ ಹೊರಟುಹೋಯಿತು. ಖಾಲಿ ಉಳಿದ ಮೈದಾನಕ್ಕೆಂದು ಹುಟ್ಟಿದ್ದೇ ಲಿವರ್‌ಪೂಲ್ ಎಫ್‌ಸಿ. ಮುಂದೆ ಎವರ್ಟನ್‌ಗೆ ಹೊಸ ಸ್ಟೇಡಿಯಂ ಬೇಕೆಂದಾಗ ಕಿಂಗ್ಸ್ ಡಾಕ್ ಕೈತಪ್ಪಿತು, ಕರ್ಕ್ಬಿಯನ್ನು 2009ರಲ್ಲಿ ಸರ್ಕಾರ ತಿರಸ್ಕರಿಸಿತು, ವಾಲ್ಟನ್ ಹಾಲ್ ಪಾರ್ಕ್ ಕಾಗದದಲ್ಲೇ ಉಳಿಯಿತು. ಕೊನೆಗೆ ಬ್ರ್ಯಾಮ್ಲಿ-ಮೂರ್ ಡಾಕ್‌ನಲ್ಲಿ ಎದ್ದ ಸ್ಟೇಡಿಯಂನಲ್ಲಿ 2025ರ ಆಗಸ್ಟ್‌ನಲ್ಲಿ ಲೀಗ್ ಪಂದ್ಯ ನಡೆಯಿತು. "ಅವರೂ ನಮ್ಮ ಥರಾನೇ ಅಲೆದವರು" ಅನ್ನುವಾಗ ಅಂಕಲ್ ಕಣ್ಣು ಹೊಳೆಯುತ್ತದೆ.

ಅಂಕಲ್ ಫುಟ್‌ಬಾಲ್ ಹುಚ್ಚಿನ ಆಸ್ಟಿನ್ ಟೌನಿನವರು. ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್, 1937ರಲ್ಲಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದದ್ದು ಸಾರಂಗಪಾಣಿ ರಾಮನ್. ಇದೆಲ್ಲ ಅವರಿಗೆ ಅಪ್ಪನ ಬಾಯಿಂದ ಬಂದ ಆಸ್ತಿ. ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು, 2023ರಲ್ಲಿ. ಫೈನಲ್ ನಡೆದದ್ದು ರಿಯಾದ್‌ನಲ್ಲಿ. "ನಮ್ಮ ಹುಡುಗ್ರು ಕಪ್ ಎತ್ತಿದ್ದನ್ನ ಮೊಬೈಲಲ್ಲಿ ನೋಡ್ದೆ" ಅಂದರು ಒಮ್ಮೆ. ಆ ದಿನ ಇಳಿಜಾರಿನ ಮಾತೇ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

ಕಂಠೀರವಕ್ಕೆ ಹೋಗುವವರು ಗಮನಿಸಿ: ಅವರ ಪಕ್ಕದ ಸೀಟು ಸಾಮಾನ್ಯವಾಗಿ ಖಾಲಿಯೇ ಇರುತ್ತದೆ. ಧಾರಾಳವಾಗಿ ಕೂರಿ, ಕಡಲೆಕಾಯಿ ಹಂಚಿಕೊಳ್ಳುತ್ತಾರೆ. ಪೆನ್ನು ಕೇಳಿದರೆ ಮಾತ್ರ ಇಲ್ಲ ಅನ್ನಿ.