ಮಡಿವಂತ ಬಾಯ್ಲರ್

ಇಂಗ್ಲೆಂಡಿನ ನಮ್ಮ ಮನೆಯಲ್ಲಿ ಯಜಮಾನಿಕೆ ನನ್ನದೂ ಅಲ್ಲ, ನನ್ನ ಹೆಂಡತಿಯದೂ ಅಲ್ಲ. ಅಡುಗೆಮನೆಯ ಕಪಾಟಿನಲ್ಲಿ, ಸಾರಿನ ಪುಡಿ ಡಬ್ಬಿಯ ಪಕ್ಕ, ಗೋಡೆಗೆ ಆತುಕೊಂಡಿರುವ ಕಾಂಬಿ ಬಾಯ್ಲರಿನದು. ಕೋಣೆಗಳನ್ನು ಬೆಚ್ಚಗಿಡುವುದೂ ಅದೇ, ಸ್ನಾನಕ್ಕೆ ನೀರು ಕಾಯಿಸುವುದೂ ಅದೇ.

ಊರಿಂದ ಬಂದ ಅತ್ತೆಯವರಿಗೆ ಮೊದಲ ದಿನವೇ ಅದರ ಮೇಲೆ ಗುಮಾನಿ.

"ಅಲ್ಲ ಅಳಿಯಂದ್ರೇ, ಹಂಡೆ ಇಲ್ಲ, ಟ್ಯಾಂಕಿಲ್ಲ, ನೀರು ತುಂಬಿಡೋದೆಲ್ಲಿ?"

"ತುಂಬಿಡೋದೇ ಇಲ್ಲ ಅತ್ತೆ. ನಲ್ಲಿ ತಿರುಗಿಸಿದಾಗ ಹರಿಯೋ ನೀರನ್ನೇ ಕಾಯಿಸುತ್ತೆ."

"ಮತ್ತೆ ರೇಡಿಯೇಟರಿಗೆ?"

"ಅದು ಬೇರೆ ನೀರು. ವರ್ಷಗಟ್ಟಲೆ ಅದೇ ಸುತ್ತುತ್ತಿರುತ್ತೆ."

ಅತ್ತೆ ಮೂಗು ಮುರಿದರು. ರೇಡಿಯೇಟರಿನ ತಲೆಯ ತಿರುಪು ಸಡಿಲಿಸಿ ಗಾಳಿ ಬಿಡುವಾಗ ಎರಡು ಹನಿ ಕಡುಕಪ್ಪು ನೀರು ಜಿನುಗಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಒಳಗಿನ ಕಬ್ಬಿಣದ ತುಕ್ಕು ಅದು. ಆದರೆ ಎರಡು ನೀರೂ ತೆಳು ತಗಡುಗಳ ಆಚೀಚೆ ಹರಿಯುತ್ತವೆ, ಶಾಖ ಮಾತ್ರ ದಾಟುತ್ತದೆ, ನೀರಿಗೆ ನೀರು ಸೋಕುವುದಿಲ್ಲ ಎಂದು ವಿವರಿಸಿದ್ದೇ ತಡ, ಮುಖ ಅರಳಿತು. ಬಿಳಿಯರ ಮನೆಯಲ್ಲೂ ಇಷ್ಟು ಮಡಿ ಇದೆಯೆಂದು ಊರಿಗೆ ಫೋನೂ ಹೋಯಿತು.

ಈ ಮಡಿವಂತರಿಗೆ ಎರಡು ಕೆಲಸ ಒಟ್ಟಿಗೆ ಆಗದು. ಬಿಸಿನೀರಿನ ನಲ್ಲಿ ತಿರುಗಿದೊಡನೆ ಒಳಗೊಂದು ವಾಲ್ವ್ ಹೊರಳಿ, ಬಾಯ್ಲರ್ ರೇಡಿಯೇಟರುಗಳನ್ನು ಕೈಬಿಟ್ಟು ಸ್ನಾನದವರ ಪಕ್ಷ ಸೇರುತ್ತದೆ. ಮಗಳು ಶವರಿನ ಕೆಳಗೆ ಹಾಡು ಮುಗಿಸುವಷ್ಟರಲ್ಲಿ ನಾವು ಹಾಲಿನಲ್ಲಿ ಶಾಲು ಹುಡುಕುತ್ತಿರುತ್ತೇವೆ. ಸೇಡಿಗೆ ಯಾರಾದರೂ ಸಿಂಕಿನ ಬಿಸಿನೀರು ಬಿಟ್ಟರೆ ಬಚ್ಚಲಿನಿಂದ ಕಿರುಚಾಟ. ನಿಮಿಷಕ್ಕೆ 10 ಲೀಟರಿನ ಆಸುಪಾಸು ಕಾಯಿಸುವ ಪೆಟ್ಟಿಗೆ ಎಷ್ಟು ಜನರನ್ನು ಮೆಚ್ಚಿಸೀತು? ಬಾಯ್ಲರ್ ತಣ್ಣಗಿದ್ದಾಗ ಅದರ ಮೂತಿಯ ಮೇಲಿನ ಒತ್ತಡದ ಮುಳ್ಳು 1ರಿಂದ 1.5 ಬಾರ್ ತೋರಿಸುತ್ತಿರಬೇಕು. ತೀರಾ ಇಳಿದರೆ ಮುಷ್ಕರ.

ಅದರ ನಿಜವಾದ ತಮಾಷೆ ಹಿಮ ಬಿದ್ದಾಗ. 2005ರಿಂದ ಇಲ್ಲಿ ಹೊಸದಾಗಿ ಹಾಕಿಸುವ ಗ್ಯಾಸ್ ಬಾಯ್ಲರುಗಳು, ಕೆಲವು ವಿನಾಯಿತಿ ಬಿಟ್ಟರೆ, ಹೊಗೆಯೊಳಗಿನ ಆವಿಯ ಶಾಖವನ್ನೂ ಹಿಂಡಿಕೊಳ್ಳುವಂಥವೇ ಆಗಿರಬೇಕು. ಆವಿ ನೀರಾಗಿ ಒಂದು ಸಣ್ಣ ಪ್ಲಾಸ್ಟಿಕ್ ಪೈಪಿನಲ್ಲಿ ಹೊರಗೆ ತೊಟ್ಟಿಕ್ಕುತ್ತದೆ. ಕೊರೆಯುವ ಚಳಿಗೆ ಆ ಪೈಪು ಹೆಪ್ಪುಗಟ್ಟಿತೋ, ಗೊಳಗೊಳ ಸದ್ದು ಮಾಡಿ ಬಾಯ್ಲರ್ ಬಂದ್. ಮನೆ ಬೆಚ್ಚಗಿಡಬೇಕಾದ ದಿನವೇ ರಜೆ! ಪರಿಹಾರ, ಪೈಪಿನ ಮೇಲೆ ಬೆಚ್ಚನೆ ನೀರು ಸುರಿಯುವುದು. ಕಳೆದ ಜನವರಿಯಲ್ಲಿ ಅತ್ತೆ ಕೆಟಲಿನಲ್ಲಿ ನೀರು ಕಾಯಿಸಿ, ತಣ್ಣೀರು ಬೆರೆಸಿ, ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು ಹಿತ್ತಲಿಗೆ ಹೋಗಿ ಚೊಂಬಿನಲ್ಲಿ ಹೊಯ್ದರು. "ನಮಗೆ ನೀರು ಕಾಯಿಸಿ ಕೊಡು ಅಂತ ಇಟ್ಟುಕೊಂಡರೆ, ಇದಕ್ಕೇ ನಾನು ಎರೆಯಬೇಕಾಯ್ತಲ್ಲ!"

ಪೈಪಿಗೆ ಎರೆಯಲು ಯಾರಾದರೂ ಸಾಕು. ಮುಚ್ಚಳ ಬಿಚ್ಚಿ ಗ್ಯಾಸಿಗೆ ಕೈಹಾಕಲು ಮಾತ್ರ ಗ್ಯಾಸ್ ಸೇಫ್ ರಿಜಿಸ್ಟರಿನಲ್ಲಿ ಹೆಸರಿರುವವರೇ ಬರಬೇಕು, ಅದು ಕಾನೂನು. ಚಳಿಗಾಲದಲ್ಲಿ ನಮ್ಮಲ್ಲಿಗೆ ಧಾರಾಳವಾಗಿ ಬನ್ನಿ. ಸ್ನಾನಕ್ಕೆ ಹೊರಡುವ ಮುನ್ನ ಪಾತ್ರೆ ತೊಳೆಯುತ್ತಿರುವವರ ಅಪ್ಪಣೆ ಕೇಳಿ, ಅಷ್ಟೇ.