ಪಟಿಕದ ಹೈಕಮಾಂಡ್

(ಕಾವೇರಿ ದಂಡೆಯ ಒಂದೂರು. ಮಳೆಗಾಲದ ಕೆಂಪು ನೀರು ನಲ್ಲಿಯಲ್ಲೂ ಬರುತ್ತಿದೆ. ನಂಜಪ್ಪನ ಕಟಿಂಗ್ ಶಾಪಿನಲ್ಲಿ ನಿವೃತ್ತ ವಿಜ್ಞಾನದ ಮೇಷ್ಟ್ರು ಗಲ್ಲಕ್ಕೆ ನೊರೆ ಬಳಿಸಿಕೊಂಡು ಕೂತಿದ್ದಾರೆ.)

ಮೇಷ್ಟ್ರು: ಏನೋ ನಂಜಪ್ಪ, ಈ ನೀರಲ್ಲಿ ಮುಖ ತೊಳೆದು ಮನೆಗೆ ಹೋದ್ರೆ, ಯಾರ ಗದ್ದೆ ಉತ್ತು ಬಂದ್ರಿ ಅಂತ ಕೇಳ್ತಾಳೆ ನಮ್ಮನೆಯವಳು.

ನಂಜಪ್ಪ: ನಾನೇನ್ ಮಾಡ್ಲಿ ಮೇಷ್ಟ್ರೇ, ಪಟಿಕ ಹಾಕ್ದೆ. ತಿಳಿ ಆಗ್ಲೇ ಇಲ್ಲ.

ಮೇಷ್ಟ್ರು: ಎಷ್ಟು ಹಾಕ್ದೆ?

ನಂಜಪ್ಪ: ಗಿರಾಕಿಗಳ ಗಲ್ಲಕ್ಕೆ ಉಜ್ಜೋ ಕಲ್ಲಿತ್ತಲ್ಲ, ಅದನ್ನೂ ಹೊಸದೊಂದನ್ನೂ ಕುಟ್ಟಿ ಡ್ರಮ್ಮಿಗೆ ಸುರಿದೆ. ದೊಣ್ಣೆ ತಗೊಂಡು ಅರ್ಧ ಗಂಟೆ ಗಿರಗಿರ ತಿರುಗಿಸ್ದೆ. ತೋಳು ಬಿದ್ದೋಯ್ತು.

ಮೇಷ್ಟ್ರು: ಕೆಡಿಸ್ದೆ! 200 ಲೀಟರ್ ಡ್ರಮ್ಮಿಗೆ 10 ಗ್ರಾಂ ಸಾಕಾಗಿತ್ತು.

ನಂಜಪ್ಪ: ಸಾಲದೇ ಹೋದ್ರೆ ಅಂತ... ಅಲ್ಲ, ಮಣ್ಣು ಅಂದ್ಮೇಲೆ ತಾನಾಗೇ ತಳಕ್ಕೆ ಹೋಗ್ಬೇಕಪ್ಪ. ಮರಳು ಹೋಗಲ್ವಾ?

ಮೇಷ್ಟ್ರು: ಮರಳು ದಪ್ಪ. ಇದು ಜೇಡಿಮಣ್ಣು. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ ಕಣ, ನಿಂತ ನೀರಲ್ಲಿ ಒಂದು ಮೀಟರ್ ಇಳಿಯೋಕೆ ಹತ್ತು ದಿನದ ಮೇಲೇ ಹಿಡಿಯುತ್ತೆ. ಅದಕ್ಕಿಂತ ಹತ್ತು ಪಟ್ಟು ಸಣ್ಣದಾದ್ರೆ ವರ್ಷಗಟ್ಟಲೆ.

ನಂಜಪ್ಪ: ಒಂದಕ್ಕೊಂದು ಅಂಟ್ಕೊಂಡು ದಪ್ಪ ಆಗಬಾರದಾ?

ಮೇಷ್ಟ್ರು: ಎಲ್ಲಾ ಕಣದ ಮೈಮೇಲೂ ಋಣ ವಿದ್ಯುತ್ತು ಕಣೋ. ಹತ್ತಿರ ಬಂದ್ರೆ ತಳ್ಳಾಡ್ತವೆ.

ನಂಜಪ್ಪ: ಗೊತ್ತಾಯ್ತು ಬಿಡಿ. ಒಂದೇ ಪಾರ್ಟೀಲಿ ಒಂದೇ ಟಿಕೆಟ್ಟಿಗೆ ಕಾದಿರೋ ನಾಲ್ಕು ಜನ. ಮದ್ವೆ ಊಟಕ್ಕೂ ಒಂದೇ ಪಂಕ್ತೀಲಿ ಕೂರಲ್ಲ.

ಮೇಷ್ಟ್ರು: (ನೊರೆಯೊಳಗೇ ನಕ್ಕು) ಪಟಿಕದಲ್ಲಿ ಅಲ್ಯೂಮಿನಿಯಂ ಇರುತ್ತೆ. ಅದಕ್ಕೆ ಮೂರು ಧನ ವಿದ್ಯುತ್ತು. ಕಣಗಳ ಋಣ ತೀರಿಸುತ್ತೆ. ಆಮೇಲೆ ಡಿಕ್ಕಿ ಹೊಡೆದವೆಲ್ಲ ಅಂಟ್ಕೊಂಡು, ಮುದ್ದೆ ಕಟ್ಟಿ, ತಳಕ್ಕಿಳಿತವೆ.

ನಂಜಪ್ಪ: ಹೈಕಮಾಂಡು! ಹಂಗಾದ್ರೆ ಎರಡು ಕಲ್ಲಿಗೆ ಇನ್ನೂ ಬೇಗ ಆಗ್ಬೇಕಿತ್ತು.

ಮೇಷ್ಟ್ರು: ಜಾಸ್ತಿ ಆದ್ರೆ ಋಣ ತೀರಿದ ಮೇಲೂ ಧನ ಏರ್ತಾ ಹೋಗುತ್ತೆ. ಎಲ್ಲಾ ಕಣಕ್ಕೂ ಧನವೇ ಆದ್ರೆ ಮತ್ತೆ ತಳ್ಳಾಟ. ನೀರೂ ಹುಳಿಯಾಗುತ್ತೆ.

ನಂಜಪ್ಪ: ಸಮಾಧಾನಕ್ಕೆ ಅಂತ ಎಲ್ರಿಗೂ ಮಂತ್ರಿಗಿರಿ ಕೊಟ್ರೆ, ಈಗ ಎಲ್ರಿಗೂ ಮುಖ್ಯಮಂತ್ರಿ ಆಗ್ಬೇಕು!

ಮೇಷ್ಟ್ರು: ಅದಕ್ಕೇ ನೀರು ಶುದ್ಧ ಮಾಡೋ ಕಡೆ ಮೊದಲು ಸಣ್ಣ ಸಣ್ಣ ಜಾಡಿಗಳಲ್ಲಿ ಬೇರೆ ಬೇರೆ ಅಳತೆ ಹಾಕಿ ನೋಡ್ತಾರೆ. ಇನ್ನು ನಿನ್ನ ದೊಣ್ಣೆ. ಮೊದಲ ಒಂದು ನಿಮಿಷ ಜೋರಾಗಿ ತಿರುಗಿಸ್ಬೇಕು, ಪಟಿಕ ಹರಡಲಿ ಅಂತ. ಆಮೇಲೆ ಕಾಲು ಗಂಟೆ ಮೆಲ್ಲಗೆ. ನೀನು ಕಟ್ಟಿದ ಮುದ್ದೇನ ನೀನೇ ಒಡೆದೆ.

ನಂಜಪ್ಪ: ನಮ್ಮಜ್ಜಿ ಹರವಿ ಒಳಗೆ ಚಿಲ್ಲದ ಬೀಜ ತೇಯ್ದು ರಾತ್ರಿ ನೀರು ತುಂಬಿಡೋಳು. ಬೆಳಗ್ಗೆ ತಳದಲ್ಲಿ ಕೆಂಪು ಕೆಸರು, ಮೇಲೆ ಮುಖ ಕಾಣೋ ನೀರು. ದೊಣ್ಣೆನೂ ಇಲ್ಲ, ವಿದ್ಯುತ್ತೂ ಇಲ್ಲ.

ಮೇಷ್ಟ್ರು: ವಿದ್ಯುತ್ತು ಇತ್ತು, ಅಜ್ಜಿಗೆ ಬಿಲ್ಲು ಬರ್ತಿರ್ಲಿಲ್ಲ ಅಷ್ಟೇ. ಆ ಬೀಜದ ರಸದಲ್ಲಿ ಉದ್ದುದ್ದ ಎಳೆಗಳಂಥ ಅಣುಗಳಿರ್ತವೆ, ಹತ್ತಾರು ಕಣ ಹಿಡ್ಕೊಂಡು ಇಳಿತವೆ. ನುಗ್ಗೆ ಬೀಜದಿಂದಲೂ ಮಣ್ಣು ಕೂರುತ್ತೆ.

ನಂಜಪ್ಪ: ಉಪ್ಪು ಹಾಕಿದ್ರೆ?

ಮೇಷ್ಟ್ರು: ಆಗುತ್ತೆ. ಆದ್ರೆ ಸೋಡಿಯಂಗೆ ಒಂದೇ ಧನ, ನೂರಾರು ಪಟ್ಟು ಜಾಸ್ತಿ ಸುರೀಬೇಕು. ನದಿ ಸಮುದ್ರ ಸೇರೋ ಕಡೆ ನಡೆಯೋದು ಇದೇ. ಪೂಂಪುಹಾರದ ಹತ್ರ ನಮ್ಮ ಕಾವೇರಿಗೆ ಉಪ್ಪುನೀರು ತಾಕಿದ್ದೇ, ಇದ್ದಬದ್ದ ಜೇಡಿ ಮುದ್ದೆ ಕಟ್ಟಿ ಕೂತ್ಕೊಳ್ಳುತ್ತೆ.

ನಂಜಪ್ಪ: ನಮ್ಮ ಗದ್ದೆ ಮಣ್ಣು ಅಲ್ಲೋಗಿ ಕೂತ್ಕೊತಾ? ಪಹಣಿ ಯಾರ ಹೆಸರಲ್ಲೈತೆ?

ಮೇಷ್ಟ್ರು: ಮಾತಾಡ್ತಾ ಕತ್ತಿ ಆಡಿಸಬೇಡ... ಅಯ್ಯಪ್ಪಾ!

ನಂಜಪ್ಪ: ಒಂದೇ ಹನಿ ರಕ್ತ ಮೇಷ್ಟ್ರೇ. ಪಟಿಕ ಉಜ್ಜಿದ್ರೆ... (ಡಬ್ಬಿ ತಡಕಾಡಿ) ಎರಡೂ ಕಲ್ಲು ಡ್ರಮ್ಮಲ್ಲೈತಲ್ಲ! ಆ ನೀರೇ ಹಚ್ಲಾ?

ಮೇಷ್ಟ್ರು: ಮುಟ್ಟಬೇಡ! ತಿಳಿ ನೀರಲ್ಲೂ ರೋಗಾಣು ಪೂರ್ತಿ ಹೋಗಿರಲ್ಲ, ಇದಂತೂ ತಿಳೀನೂ ಆಗಿಲ್ಲ. ಚೆಲ್ಲಿ ಬೇರೆ ನೀರು ಹಿಡಿ. ಅಳತೆ ನೋಡಿ ಪಟಿಕ ಕರಗಿಸಿ ಹಾಕು, ಮೆಲ್ಲಗೆ ತಿರುಗಿಸು, ಒಂದು ಗಂಟೆ ಮುಟ್ಟದೆ ಬಿಡು. ಕುಡಿಯೋಕೆ ಬೇಕಾದ್ರೆ ಮೇಲಿನ ನೀರು ಬಸಿದು ಕುದಿಸು.

ನಂಜಪ್ಪ: ಆಗ್ಲಿ ಮೇಷ್ಟ್ರೇ. ಅಲ್ಲೀತನಕ ಈ ಅರ್ಧ ಗಡ್ಡದಲ್ಲಿ ಬೀದಿಗೆ ಮಾತ್ರ ಇಳೀಬೇಡಿ, ನನ್ನ ಅಂಗಡಿ ಹೆಸರು ಕೆಡುತ್ತೆ.